ಕೆಂಚಿ ಮೊಲದ ಬೇಲದ ಎಲೆ

ಏಳು ಗುಡ್ಡ ಹತ್ತಿ ಇಳಿದರೂ ಮುಗಿಯದಷ್ಟು ದೊಡ್ಡ ಕಾಡೊಂದಿತ್ತು. ಆ ಕಾಡಿಗೆ ರಾಜ ಇರಲಿಲ್ಲ. ರಾಜರ ಕಾಟ ಸಾಕೋ ಸಾಕಾಗಿ, ಪ್ರಾಣಿಗಳೆಲ್ಲ ಸೇರಿ ಯಾವ ಕಾಲದಲ್ಲೋ ಆ ಪದ್ಧತಿಯನ್ನೇ ತೆಗೆದುಹಾಕಿದ್ದವು. ಈಗ ಐದು ಮಳೆಗಾಲಕ್ಕೊಮ್ಮೆ ಚುನಾವಣೆ. ಗೆದ್ದವರು ಇಡೀ ಕಾಡಿಗೆ ಮುಖಂಡರು. ಮುಖಂಡರಿಗೆ ಇದ್ದ ಕೆಲಸ ಒಂದೇ. ಬೇಸಿಗೆಯಲ್ಲಿ ಹಳ್ಳಗಳೆಲ್ಲ ಒಣಗಿ ಕಲ್ಲುಮಡುವಿನಲ್ಲಿ ಮಾತ್ರ ನೀರು ಉಳಿಯುತ್ತಿತ್ತು. ಆ ಮಡುವಿನ ದಾರಿ ಕಾಯಬೇಕು. ಸಣ್ಣಪುಟ್ಟ ಪ್ರಾಣಿಗಳು ನೀರು ಕುಡಿದು ಜೀವಸಹಿತ ಮನೆಗೆ ಮರಳಬೇಕು. ಅಷ್ಟೇ. ಅಷ್ಟನ್ನಾದರೂ ನೆಟ್ಟಗೆ ಮಾಡಿದವರು ಎಷ್ಟು ಜನ ಅಂತ ಮಾತ್ರ ಕೇಳಬೇಡಿ.

ಮತ ಹಾಕುವ ಕ್ರಮ ಹೀಗಿತ್ತು. ದೊಡ್ಡ ಆಲದ ಮರದ ಕೆಳಗೆ ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಗುಂಡಿ ತೋಡುತ್ತಿದ್ದರು. ಪ್ರತಿಯೊಬ್ಬರೂ ತಮ್ಮ ಮನೆಬಾಗಿಲಿನ ಗಿಡದಿಂದ ಒಂದು ಎಲೆ ಕಿತ್ತು, ಬಾಯಲ್ಲಿ ಕಚ್ಚಿಕೊಂಡು ಬಂದು, ತಮಗೆ ಬೇಕಾದವರ ಗುಂಡಿಗೆ ಹಾಕಬೇಕು. ಬೇರೆ ಕಡೆಯ ಎಲೆ ನಡೆಯದು. ಹಿಂದೊಮ್ಮೆ ಆಚೆ ಕಾಡಿನ ಕಾಗೆಗಳು ಬಂದು ರಾಶಿ ರಾಶಿ ಎಲೆ ಸುರಿದು ಹೋಗಿದ್ದವಂತೆ. ಆಗಿನಿಂದ ಈ ಕಟ್ಟುಪಾಡು. ಯಾರ ಎಲೆ ಯಾವ ಗಿಡದ್ದು ಎಂದು ನೋಡುತ್ತಿದ್ದವನು ಬೆಟ್ಟಯ್ಯಜ್ಜ ಎಂಬ ಮುದಿ ಆಮೆ. ಅಜ್ಜನಿಗೆ ಎಲ್ಲರ ಮನೆಯೂ ಗೊತ್ತು. ಆದರೆ ಸತ್ತರೂ ಬಾಯಿ ಬಿಡುವವನಲ್ಲ. ಎಣಿಕೆ ಮುಗಿದ ಕೂಡಲೇ ಎಲೆಗಳನ್ನೆಲ್ಲ ಹರಿಯುವ ಹಳ್ಳಕ್ಕೆ ಬಿಡಿಸಿಬಿಡುತ್ತಿದ್ದ.

ಅದೇ ಕಾಡಿನಲ್ಲಿ ಕೆಂಚಿ ಎಂಬ ಮೊಲ ಇದ್ದಳು. ಇಡೀ ಕಾಡಿಗೆ ಬೇಲದ ಮರ ಒಂದೇ ಒಂದು. ಅದರ ಬುಡದ ಪೊದೆಯಲ್ಲಿ ಅವಳ ಮನೆ. ಗುಂಡ, ಬೆಳ್ಳ, ಚುಕ್ಕಿ ಎಂದು ಮೂರು ಮರಿಗಳು. ಹೋದ ಬೇಸಿಗೆಯಲ್ಲಿ ಗಂಡ ಮಡುವಿಗೆ ನೀರಿಗೆಂದು ಹೋದವನು ತಿರುಗಿ ಬಂದಿರಲಿಲ್ಲ. ಕೆಂಚಿಗೆ ಹಲ್ಲಿಲ್ಲ, ಉಗುರಿಲ್ಲ, ಕೋಡಿಲ್ಲ. ಅಂದರೆ ಹಲ್ಲಿತ್ತು, ಹುಲ್ಲು ಕಡಿಯುವಷ್ಟು. ಅವಳಿಗಿದ್ದ ಒಂದೇ ಕಾವಲು ಯಾವುದು ಗೊತ್ತೇ? ಅವಳ ಮನೆ ಎಲ್ಲಿದೆ ಎಂದು ಅಜ್ಜನ ಹೊರತು ಯಾರಿಗೂ ಗೊತ್ತಿಲ್ಲದೇ ಇದ್ದದ್ದು. ಮೇಯಲು ಹೊರಟರೆ ಒಂದು ದಾರಿ, ಮರಳುವಾಗ ಇನ್ನೊಂದು ದಾರಿ. ಮರಿಗಳಿಗೂ ಅದನ್ನೇ ಕಲಿಸಿದ್ದಳು. "ಯಾರಾದರೂ ಮನೆ ಎಲ್ಲಿ ಅಂತ ಕೇಳಿದರೆ ಏನನ್ನಬೇಕು?" "ಈ ಕಾಡಿನಲ್ಲೇ ಅನ್ನಬೇಕು!" ಎಂದು ಮೂರೂ ಒಟ್ಟಿಗೆ ಕೂಗುತ್ತಿದ್ದವು.

ಮಾಗಿ ಚಳಿ ಕಳೆಯುವ ಹೊತ್ತಿಗೆ ಚುನಾವಣೆ ಬಂತು. ಆ ಸಲ ನಿಂತವರು ನಾಲ್ವರು.

ಮೊದಲು ಬಂದವನು ಗುಡಾಣಪ್ಪ ಕರಡಿ. ಐದು ವರ್ಷದಿಂದ ಅವನೇ ಮುಖಂಡ. ಕೆಂಚಿ ಮೇಯುತ್ತಿದ್ದ ಬಯಲಿಗೆ ಆಕಳಿಸುತ್ತಾ ಬಂದ.

"ಏನಮ್ಮಾ, ಎಲ್ಲ ಸೌಖ್ಯವಾ?"

"ಏನು ಸೌಖ್ಯ ಅಣ್ಣಾ? ನಮ್ಮ ಯಜಮಾನರು ಮಡುವಿಗೆ ಹೋದವರು ಬರಲೇ ಇಲ್ಲ. ಆವತ್ತು ದಾರಿ ಕಾಯಬೇಕಾಗಿದ್ದವರು ನೀವು."

"ಹೌದಾ? ಛೆ ಛೆ. ನನಗೆ ಯಾರೂ ಹೇಳಲೇ ಇಲ್ಲವಲ್ಲ! ಆವತ್ತು ಒಂಚೂರು ಕಣ್ಣು ಹತ್ತಿತ್ತು ಅನ್ಸುತ್ತೆ. ಈ ಸಲ ನೋಡೋಣ, ವಿಚಾರಿಸೋಣ" ಎಂದು ಮೈ ಕೆರೆದುಕೊಂಡು ಹೋದ. ಅವನ ಮೂತಿಗೆ ಅಂಟಿದ್ದ ಜೇನು ಇನ್ನೂ ಒಣಗಿರಲಿಲ್ಲ. ಕೆಂಚಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ.

ಎರಡನೆಯವನು ಮಚ್ಚೆರಾಯ ಚಿರತೆ. ಅವನು ಮತ ಕೇಳಲಿಲ್ಲ. ಬಂಡೆಯ ಮೇಲೆ ನಿಂತು ಬಾಲ ಬೀಸುತ್ತಾ, "ನಾನು ಗೆದ್ದರೆ ಈ ಕಾಡಿನಲ್ಲಿ ಶಿಸ್ತು ಬರುತ್ತದೆ. ನನಗೆ ಎಲೆ ಹಾಕದವರು ಯಾರು ಯಾರು ಅಂತ ಆಮೇಲೆ ನೋಡಿಕೊಳ್ತೀನಿ" ಎಂದ. ಅಷ್ಟೇ ಭಾಷಣ. ಕೇಳಿದವರೆಲ್ಲ ಸಿಕ್ಕ ಸಿಕ್ಕ ಪೊದೆಗೆ ನುಸುಳಿದರು.

ಮೂರನೆಯವನು ಚೆಲುವಯ್ಯ ನರಿ. ಅಬ್ಬಬ್ಬಾ, ಅವನ ನಯ ಏನು, ವಿನಯ ಏನು! ದೂರದಿಂದಲೇ ಎರಡೂ ಮುಂಗಾಲು ಜೋಡಿಸಿ, "ಕೆಂಚಕ್ಕಾ, ಆರೋಗ್ಯವೇನಕ್ಕಾ? ಭಾವನ ಸುದ್ದಿ ಕೇಳಿ ನಾನು ಮೂರು ದಿನ ಊಟ ಬಿಟ್ಟೆ ಕಣಕ್ಕಾ" ಎಂದ. ಕಣ್ಣಲ್ಲಿ ನೀರು ಬೇರೆ. ಕೆಂಚಿಯ ಕರುಳು ಚುರುಕ್ಕೆಂದಿತು. ಗಂಡ ಹೋದ ಮೇಲೆ ಅವನ ಹೆಸರು ಎತ್ತಿ ಮಾತಾಡಿಸಿದವರೇ ಇರಲಿಲ್ಲ ಪಾಪ.

"ನಾನು ಗೆದ್ದರೆ ನೀರಿನ ದಾರಿಯಲ್ಲಿ ಒಂದು ಇಲಿಗೂ ಗೀರು ತಾಗದ ಹಾಗೆ ನೋಡ್ಕೋತೀನಿ. ಇದು ನನ್ನ ಭಾಷೆ. ಆದರೆ ನೀವೆಲ್ಲ ಕೈಬಿಟ್ಟರೆ ಆ ಮಚ್ಚೆರಾಯ ಗೆದ್ದುಬಿಡ್ತಾನೆ. ಆಮೇಲೆ ನಿನ್ನ ಮಕ್ಕಳ ಗತಿ ಏನಕ್ಕಾ?" ಎಂದು ಲೊಚಗುಟ್ಟಿದ. ಹೊರಡುವ ಮುಂಚೆ ಸುಮ್ಮನೆ ಕೇಳಿದಂತೆ, "ಅಂದಹಾಗೆ ಅಕ್ಕಾ, ಈಗ ಮನೆ ಎಲ್ಲಾಯಿತು?" ಎಂದ.

ಕೆಂಚಿಗೆ ಬೇಲದ ಮರ ಎಂಬ ಮಾತು ನಾಲಿಗೆ ತುದಿಗೇ ಬಂದಿತ್ತು. ಹೇಗೋ ನುಂಗಿಕೊಂಡು, "ಈ ಕಾಡಿನಲ್ಲೇ" ಎಂದಳು. ನರಿ ನಕ್ಕು, ಮತ್ತೆ ಕೈಮುಗಿದು ಹೋದ.

ನಾಲ್ಕನೆಯವಳು ಪುಟ್ಟೀರಮ್ಮ ಎಂಬ ಮುಳ್ಳುಹಂದಿ. ಅವಳ ಮಾತೋ, ಅವಳ ಮೈಯಂತೆಯೇ. ಎದುರಿಗೆ ಸಿಕ್ಕಿದ ಕೆಂಚಿಯನ್ನು ಕಂಡು, "ನಿನಗೆ ಕೊಡೋದಕ್ಕೆ ನನ್ನ ಹತ್ತಿರ ಏನೂ ಇಲ್ಲ ಕಣೇ. ಬೇಸಿಗೆ ಪೂರಾ ನೀರಿನ ದಾರಿಯಲ್ಲಿ ಮುಳ್ಳು ಕೆದರಿಕೊಂಡು ಕೂತಿರ್ತೀನಿ. ಬರೋರು ಬರಲಿ ನೋಡೋಣ. ಹಾಕಿದರೆ ಹಾಕು, ಬಿಟ್ಟರೆ ಬಿಡು" ಎಂದು ಗೊಣಗಿ, ಗೆಡ್ಡೆ ಅಗೆಯಲು ಹೋದಳು. ಕೈಮುಗಿಯಲಿಲ್ಲ, ನಗಲಿಲ್ಲ, ಮನೆ ಎಲ್ಲಿ ಎಂದು ಕೇಳಲೂ ಇಲ್ಲ.

ಕೆಂಚಿಯ ಮನಸ್ಸು ಆವತ್ತೇ ಹೇಳಿತು, ಇವಳೇ ಸರಿ ಎಂದು. ಸಂಜೆ ಮುಂಗುಸಿ ದೇವೀರ ಸಿಕ್ಕಾಗ ಹೇಳಿಯೂ ಹೇಳಿದಳು. ದೇವೀರ ಹಣೆ ಚಚ್ಚಿಕೊಂಡ.

"ನಿನಗೆ ತಲೆ ಕೆಟ್ಟಿದೆಯಾ ಕೆಂಚವ್ವಾ? ಪುಟ್ಟೀರಮ್ಮ ಒಳ್ಳೆಯವಳೇ, ಯಾರು ಇಲ್ಲ ಅಂದರು? ಆದರೆ ಅವಳು ಗೆಲ್ಲಲ್ಲ. ಅವಳಿಗೆ ಹಾಕಿದರೆ ಎಲೆ ವ್ಯರ್ಥ. ಅಷ್ಟರಲ್ಲಿ ಚಿರತೆ ಗೆದ್ದು ಕೂತಿರ್ತಾನೆ. ನರಿಗೆ ಹಾಕೋಣ. ಅವನೇನು ಸಾಚಾ ಅಂತ ನಾನು ಹೇಳ್ತಿಲ್ಲ. ಚಿರತೆ ಬರೋದಾದರೂ ತಪ್ಪುತ್ತಲ್ಲ."

ಇನ್ನೊಬ್ಬರನ್ನು ಕೇಳಿದಳು. ಅವರೂ ಇದನ್ನೇ ಹೇಳಿದರು. ಯಾರನ್ನು ಕೇಳಿದರೂ ಪುಟ್ಟೀರಮ್ಮ ಒಳ್ಳೆಯವಳು, ಆದರೆ ಗೆಲ್ಲಲ್ಲ. ಕೆಂಚಿಗೆ ಆ ವಾರವೆಲ್ಲ ಹುಲ್ಲೇ ಸೇರಲಿಲ್ಲ.

ಮತದಾನದ ದಿನ ಬಂತು. ಬೆಳಕು ಹರಿಯುತ್ತಲೇ ಚೆಲುವಯ್ಯ ಹೂಮಾಲೆ ಹಾಕಿಕೊಂಡು, ಹಿಂದೆ ಮುಂದೆ ಜೈಕಾರ ಹಾಕಿಸಿಕೊಂಡು ಬಂದ. ಅವನ ಮನೆ ಗುಡ್ಡದಾಚೆ ಒಂಟಿ ಮುತ್ತುಗದ ಮರದ ಕೆಳಗೆ. ಅಗಲವಾದ ಮುತ್ತುಗದ ಎಲೆಯನ್ನು ಎಲ್ಲರಿಗೂ ಎತ್ತಿ ತೋರಿಸಿ, ತನ್ನ ಗುಂಡಿಗೆ ತಾನೇ ಮೊದಲ ಎಲೆ ಹಾಕಿದ. ಎಲ್ಲರೂ ಚಪ್ಪಾಳೆ ತಟ್ಟಿದರು.

ಕೆಂಚಿ ಬೇಲದ ಎಲೆ ಕಚ್ಚಿಕೊಂಡು ಬೆಳಿಗ್ಗೆಯೇ ಬಂದಿದ್ದಳು. ಆದರೆ ಕಾಲು ಮುಂದೆ ಹೋಗಲೊಲ್ಲದು. ಸಾಲಿನಲ್ಲಿ ಅವಳ ಸರದಿ ಬಂದಾಗಲೆಲ್ಲ ತಲೆಯಾಡಿಸಿ, ನೀವು ಮುಂದೆ ಹೋಗಿ ಎಂದು ಹಿಂದಿನವರಿಗೆ ದಾರಿ ಬಿಡುತ್ತಿದ್ದಳು. ಅಳಿಲು ಹೋದಳು. ಕಾಡುಕೋಳಿ ಹೋದಳು. ಜಿಂಕೆಯ ಮನೆಯವರು ಹೋದರು. ಗೌಜಲಹಕ್ಕಿ ಹೋದಳು. ಹೊತ್ತು ನೆತ್ತಿಗೇರಿತು, ಇಳಿಯಿತು. ಯಾರು ಯಾರ ಹಿಂದೆ ಹೋಗಿ ಯಾವ ಗುಂಡಿಗೆ ಹಾಕಿದರು ಎಂಬುದೆಲ್ಲ ಅವಳ ಕಣ್ಣಿಗೆ ಕಟ್ಟಿಹೋಯಿತು. ಕಟ್ಟಕಡೆಗೆ ದೇವೀರನೂ ನರಿಯ ಗುಂಡಿಗೆ ತನ್ನ ಕಕ್ಕೆ ಗಿಡದ ಎಲೆ ಹಾಕಿ, "ಹೂಂ, ಬೇಗ ಮುಗಿಸು" ಎಂದು ಹೋದ. ಉಳಿದವಳು ಕೆಂಚಿ ಒಬ್ಬಳೇ.

ಪುಟ್ಟೀರಮ್ಮನ ಗುಂಡಿಯ ಹತ್ತಿರ ಹೋಗಿ ಇಣುಕಿದಳು. ತಳದಲ್ಲಿ ಬೆರಳೆಣಿಕೆಯ ಎಲೆ. ಅಯ್ಯೋ, ದೇವೀರ ಹೇಳಿದ್ದೇ ನಿಜ ಎಂದುಕೊಂಡಳು. ದೂರದ ಬಂಡೆಯ ಮೇಲೆ ಮಚ್ಚೆರಾಯನ ಬಾಲ ಆಡುತ್ತಿತ್ತು. ಮೂರು ಮರಿಗಳ ಮುಖ ಕಣ್ಮುಂದೆ ಬಂತು. ಕೆಂಚಿ ಕಣ್ಣು ಮುಚ್ಚಿಕೊಂಡು ಓಡಿಹೋಗಿ ನರಿಯ ಗುಂಡಿಗೆ ಎಲೆ ಹಾಕಿಬಿಟ್ಟಳು. ತುಂಬಿದ ಗುಂಡಿ. ಬೇಲದ ಎಲೆ ಎಲ್ಲಕ್ಕಿಂತ ಮೇಲೆ ಕೂತಿತು.

ಬೆಟ್ಟಯ್ಯಜ್ಜ ಒಂದೊಂದೇ ಎಲೆ ಎತ್ತಿ ನೋಡಿ ಎಣಿಸಿ, ಬಿದ್ದ ಕ್ರಮ ಕೆಡದ ಹಾಗೆ ಮತ್ತೆ ಗುಂಡಿಗೆ ಜೋಡಿಸಿದ. ಚೆಲುವಯ್ಯ ಗೆದ್ದ. ಪುಟ್ಟೀರಮ್ಮನಿಗೆ ಬಿದ್ದದ್ದು ಒಂಬತ್ತೇ ಎಲೆ. ಬೆಟ್ಟಯ್ಯಜ್ಜ, "ಸರಿ, ಎಲೆಗಳನ್ನು ಹಳ್ಳಕ್ಕೆ ಬಿಡ್ರಪ್ಪ" ಎಂದ. ಆಗ ನರಿ ಗುಂಡಿಗೆ ಅಡ್ಡ ಮಲಗಿಬಿಟ್ಟ.

"ಬೇಡ ಅಜ್ಜಾ, ಬೇಡ! ನನ್ನ ಅಕ್ಕತಂಗಿಯರು, ಅಣ್ಣತಮ್ಮಂದಿರು ನನ್ನನ್ನು ನಂಬಿ ಕೊಟ್ಟ ಎಲೆ ಇವು. ನೀರಿಗೆ ಬಿಡಲು ಮನಸ್ಸು ಬರುತ್ತದೆಯೇ? ಇಲ್ಲೇ ಇರಲಿ. ಚಪ್ಪಡಿ ಮುಚ್ಚಿ ಕಾಪಾಡ್ತೀನಿ. ದಿನಾ ಬೆಳಿಗ್ಗೆ ಇದಕ್ಕೆ ಕೈಮುಗಿದೇ ಕೆಲಸ ಶುರು ಮಾಡ್ತೀನಿ."

ಅಜ್ಜ ಕತ್ತು ಹೊರಗೆ ಚಾಚಿ, "ಹಾಗೆ ಮಾಡಿದ್ದು ಇಲ್ಲವಲ್ಲಪ್ಪ..." ಎಂದು ರಾಗ ಎಳೆದ. ಕೇಳುವವರು ಯಾರು? ಎಲ್ಲರೂ ಕಣ್ಣೊರೆಸಿಕೊಳ್ಳುತ್ತಿದ್ದರು. ಜಿಂಕೆಯಂತೂ ಗೊಳೋ ಎಂದು ಅತ್ತೇಬಿಟ್ಟಳು. ಕೆಂಚಿಗೂ ಮನಸ್ಸು ಹಗುರವಾಯಿತು. ಪರವಾಗಿಲ್ಲ, ತಪ್ಪು ಮಾಡಲಿಲ್ಲ ಎಂದುಕೊಂಡು ಮನೆಗೆ ಹೋದಳು. ನಮ್ಮ ತಲೆ ಮೇಲೆ ನಾವೇ ಕಲ್ಲು ಹಾಕಿಕೊಂಡಾಗ ಮನಸ್ಸು ಹೀಗೇ ಹಗುರಾಗುತ್ತದೆ ನೋಡಿ!

ನಾಲ್ಕು ದಿನ ಕಳೆಯಿತು. ಹಳ್ಳಗಳು ಬತ್ತತೊಡಗಿದವು. ಕೆಂಚಿ ಮರಿಗಳನ್ನು ಪೊದೆಯಲ್ಲಿ ಬಿಟ್ಟು ಮಡುವಿಗೆ ಹೋದಳು. ದಾರಿಯುದ್ದಕ್ಕೂ ನರಿಯ ಕಡೆಯವರ ಕಾವಲು. "ಬನ್ನಿ ಅಕ್ಕಾ, ನಿಧಾನ ಅಕ್ಕಾ" ಎಂಬ ಉಪಚಾರ. ಹೊಟ್ಟೆ ತುಂಬ ನೀರು ಕುಡಿದಳು. ಗಂಡ ಇದ್ದಿದ್ದರೆ ಎಂದುಕೊಂಡು ಒಂದು ಗಳಿಗೆ ಕೂತಳು. ಆಮೇಲೆ ಬೇರೆ ದಾರಿ ಹಿಡಿದು ಮನೆಗೆ ಬಂದಳು.

ಪೊದೆ ಹರಿದು ಎರಡು ಪಾಲಾಗಿತ್ತು.

"ಗುಂಡಾ! ಬೆಳ್ಳಾ! ಚುಕ್ಕೀ!" ಎಂದು ಕೂಗಿದಳು. ಉತ್ತರ ಇಲ್ಲ. ಮಣ್ಣಿನ ಮೇಲೆ ಅಗಲವಾದ ಪಂಜದ ಗುರುತು. ಎರಡು ಕಡೆ ತುಪ್ಪಳ. ಕೆಂಚಿ ಹುಚ್ಚಿಯಂತೆ ಮರದ ಸುತ್ತ ಓಡಿದಳು. ಕೊನೆಗೆ ಬೇರಿನ ಸಂದಿಯಿಂದ ಒಂದು ಸಣ್ಣ ದನಿ ಬಂತು. ಚುಕ್ಕಿ ಒಬ್ಬಳೇ ಅಲ್ಲಿ ಮುದುಡಿ ಕೂತಿದ್ದಳು. ಅವಳ ಒಂದು ಕಿವಿ ಸೀಳಿತ್ತು.

"ಅಮ್ಮಾ, ಅವನು ಹುಡುಕಲೇ ಇಲ್ಲ. ಸೀದಾ ಇಲ್ಲಿಗೇ ಬಂದ" ಎಂದಳು ಚುಕ್ಕಿ.

ಕೆಂಚಿ ಮರಿಯನ್ನು ಎದೆಗೊತ್ತಿಕೊಂಡು ಅತ್ತಳು. ಅತ್ತು ಅತ್ತು ಸಾಕಾದ ಮೇಲೆ ಆ ಮಾತು ತಲೆಯಲ್ಲಿ ಕೊರೆಯತೊಡಗಿತು. ಸೀದಾ ಹೇಗೆ ಬಂದ? ಬಾಯಿ ಬಿಡದ ಅಜ್ಜನ ಹೊರತು ಮನೆ ಯಾರಿಗೆ ಗೊತ್ತಿತ್ತು? ಚುಕ್ಕಿಯನ್ನು ಬಂಡೆಯ ಬಿರುಕೊಂದರಲ್ಲಿ ಅಡಗಿಸಿ, ಮುಖಂಡನಿಗೆ ದೂರು ಕೊಡೋಣವೆಂದು ಆಲದ ಮರದ ಕಡೆ ಹೊರಟಳು.

ಹೊತ್ತು ಮುಳುಗುತ್ತಿತ್ತು. ಗುಂಡಿಯ ಹತ್ತಿರ ಮಾತು ಕೇಳಿಸಿತು. ಕೆಂಚಿ ಹುಲ್ಲಿನಲ್ಲಿ ಅಡಗಿ ನೋಡಿದಳು. ಚೆಲುವಯ್ಯ ಕೂತಿದ್ದ. ಅವನ ಪಕ್ಕದಲ್ಲಿ ಮೀಸೆ ನೆಕ್ಕುತ್ತಾ ಮಚ್ಚೆರಾಯ!

"ಬೇಲದ ಎಲೆ ಹೇಗಿತ್ತು ಧಣಿ?" ಎಂದ ನರಿ.

"ಎಲೆಯಲ್ಲಿ ಗಿಡದ ಗುರುತು ಸಿಗುತ್ತೆ. ಮೇಲಿನ ವಾಸನೆಯಲ್ಲಿ ಯಾರದು ಅಂತ ಗೊತ್ತಾಗುತ್ತೆ. ನನಗೆ ಅಲೆಯೋ ಕೆಲಸವೇ ತಪ್ಪಿತು. ಎಳೆ ಮರಿಗಳು. ಒಂದು ತಪ್ಪಿಸಿಕೊಂಡಿತು ಅಷ್ಟೇ" ಎಂದ ಚಿರತೆ. "ಒಪ್ಪಂದ ನೆನಪಿದೆ ತಾನೇ?"

"ಮರೆಯೋದುಂಟೇ? ನೀವು ಕಾಡನ್ನೆಲ್ಲ ಹೆದರಿಸಿದಿರಿ, ನಾನು ಗೆದ್ದೆ. ನನ್ನ ಗುಂಡಿಗೆ ಬಿದ್ದದ್ದೆಲ್ಲ ನಿಮ್ಮದು. ಇವತ್ತಿನಿಂದ ದಿನಕ್ಕೊಂದು ಎಲೆ. ಮಿಕ್ಕ ಮೂಳೆ ನನಗಿರಲಿ." ನರಿ ಚಪ್ಪಡಿ ಸರಿಸಿ, ಕೈಗೆ ಸಿಕ್ಕ ಮೇಲಿನ ಎಲೆಯನ್ನು ಎತ್ತಿ ಕೊಟ್ಟ. "ತಗೊಳ್ಳಿ, ನಾಳೆಯದು."

ಅದು ಕಕ್ಕೆ ಎಲೆ.

ಕಕ್ಕೆ ಎಲೆ ದೇವೀರನದು. ಸಾಲಿನಲ್ಲಿ ಕೆಂಚಿಗಿಂತ ಮುಂಚೆ ಹಾಕಿದವನು ಅವನೇ. ಕೊನೆಗೆ ಹಾಕಿದ್ದು ತಾನು. ಮೇಲೆ ಇದ್ದದ್ದು ತನ್ನ ಎಲೆ. ಅದಕ್ಕೇ ಮೊದಲು ತನ್ನ ಮನೆ. ತನ್ನ ಮಕ್ಕಳ ದಾರಿಯನ್ನು ತಾನೇ, ತನ್ನ ಬಾಯಾರೆ ಕಚ್ಚಿಕೊಂಡು ಬಂದು ಕೊಟ್ಟಿದ್ದಳು. ಆ ಸಂಕಟವನ್ನು ಯಾವ ಮಾತಿನಲ್ಲಿ ಹೇಳಲಿ? ಹುಲ್ಲಿಗೆ ಮುಖ ಒತ್ತಿ, ದನಿ ಹೊರಬರದ ಹಾಗೆ ಅತ್ತಳು.

ಆದರೆ ಅಳುತ್ತಾ ಕೂರುವ ಹೊತ್ತಲ್ಲ ಅದು. ನಾಳೆಗೆ ದೇವೀರ. ನಾಡಿದ್ದಿಗೆ ಗೌಜಲಹಕ್ಕಿ. ಅದರ ಮರುದಿನ ಜಿಂಕೆ. ದಿನವಿಡೀ ಎಲ್ಲರಿಗೂ ದಾರಿ ಬಿಟ್ಟುಕೊಂಡು ನಿಂತಿದ್ದವಳಿಗೆ ಆ ಸಾಲು ತಲೆಕೆಳಗಾಗಿ ಬಾಯಿಪಾಠ ಬರುತ್ತಿತ್ತು. ಕೆಂಚಿ ಎದ್ದು ಓಡಿದಳು.

ದೇವೀರ ಕೇಳಿ ನಡುಗಿಹೋದ. "ನಿನ್ನ ಮಕ್ಕಳು... ನಾನೇ ಅಲ್ಲವೇ ನಿನಗೆ ನರಿಗೆ ಹಾಕು ಅಂದವನು?" ಎಂದು ತಲೆ ತಗ್ಗಿಸಿದ. "ಅದನ್ನು ಆಮೇಲೆ ನೋಡೋಣ. ಮೊದಲು ಮನೆ ಬಿಡು" ಎಂದಳು ಕೆಂಚಿ. ಅವನು ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಆಗಲೇ ಹೊರಟ.

ಗೌಜಲಹಕ್ಕಿ ಮಾತ್ರ ಮುಖ ಗಂಟು ಹಾಕಿಕೊಂಡಳು. "ಏನೇ ಕೆಂಚೀ, ಸೋತವರು ನಿನ್ನ ಕೈಲಿ ಈ ಮಾತು ಆಡಿಸಿ ಕಳಿಸಿದರಾ? ನೀರಿನ ದಾರಿಯಲ್ಲಿ ಯಾರಿಗಾದರೂ ಏನಾದರೂ ಆಗಿದೆಯಾ? ಚೆಲುವಯ್ಯನೋರು ಕೊಟ್ಟ ಮಾತು ಉಳಿಸಿಕೊಂಡಿದ್ದಾರೆ."

"ದಾರಿಯಲ್ಲಿ ಆಗಿಲ್ಲ ಕಣೇ. ಮನೆಯಲ್ಲಿ ಆಯಿತು. ನನ್ನ ಗುಂಡ ಇಲ್ಲ, ಬೆಳ್ಳ ಇಲ್ಲ."

"ಮರಿಗಳನ್ನು ಬಿಟ್ಟು ಹೋಗೋ ತಾಯಿ ನೀನು. ಅದಕ್ಕೆ ಮುಖಂಡರು ಏನು ಮಾಡಬೇಕು?" ಎಂದು ಗೌಜಲಹಕ್ಕಿ ಬೆನ್ನು ತಿರುಗಿಸಿದಳು. ಆ ಮಾತು ಕೆಂಚಿಗೆ ಚಿರತೆಯ ಉಗುರಿಗಿಂತ ಆಳಕ್ಕೆ ನಾಟಿತು. ಆದರೂ ಇನ್ನೊಮ್ಮೆ ಬೇಡಿಕೊಂಡಳು. ಪ್ರಯೋಜನವಾಗಲಿಲ್ಲ.

ಎರಡು ದಿನದ ಮೇಲೆ ಗೌಜಲಹಕ್ಕಿಯ ಗೂಡಿನ ಹತ್ತಿರ ಗರಿಗಳು ಮಾತ್ರ ಬಿದ್ದಿದ್ದವು. ಆಮೇಲೆ ಯಾರೂ ಕೆಂಚಿಯನ್ನು ಅನುಮಾನಿಸಲಿಲ್ಲ. ಆದರೆ ಚಿರತೆ ಬೆನ್ನಿಗಿದ್ದ ನರಿಯನ್ನು ಎದುರು ಹಾಕಿಕೊಳ್ಳಲು ಯಾರಿಗೂ ಧೈರ್ಯವಿರಲಿಲ್ಲ. ಅವಳು ಸಾಲು ಹಿಡಿದು ಹೇಳುತ್ತಾ ಹೋದಳು. ಒಬ್ಬೊಬ್ಬರಾಗಿ ಎಲ್ಲರೂ ಹುಟ್ಟಿ ಬೆಳೆದ ಮನೆ ಬಿಟ್ಟರು. ಜಿಂಕೆ ತನ್ನ ಬಿದಿರುಮೆಳೆಯನ್ನು ತಿರುತಿರುಗಿ ನೋಡುತ್ತಾ ಹೋದಳು. ಕಾಡುಕೋಳಿ ಕಾವು ಕೂತಿದ್ದ ಮೊಟ್ಟೆಗಳನ್ನು ಬಿಟ್ಟು ಹೋಗಬೇಕಾಯಿತು. ಆ ವರ್ಷ ಕಾಡಿನಲ್ಲಿ ಯಾರ ಮನೆಯೂ ಮನೆಯಾಗಿ ಉಳಿಯಲಿಲ್ಲ.

ಇತ್ತ ಮಚ್ಚೆರಾಯನಿಗೆ ಹೋದಲ್ಲೆಲ್ಲ ಖಾಲಿ ಪೊದೆ, ಖಾಲಿ ಪೊಟರೆ. ದಿನಕ್ಕೊಂದು ಎಲೆ ಸಾಲದೆ ಎರಡು ಕೇಳಿದ. ಎರಡು ಸಾಲದೆ ಐದು, ಹತ್ತು ಕೇಳಿದ. ಹೊಟ್ಟೆ ಬೆನ್ನಿಗಂಟಿತು. ಗುಂಡಿ ಬರಿದಾಗುತ್ತಾ ಬಂತು. ಎಲೆಗಳು ಒಣಗಿ ಎಲ್ಲ ಒಂದೇ ಬಣ್ಣಕ್ಕೆ ತಿರುಗಿದ್ದವು. ನರಿ ಮೊದಲಾದರೆ ನೋಡಿ ಕೊಡುತ್ತಿದ್ದ. ಈಗ ಸುಮ್ಮನೆ ಕೈ ಹಾಕಿ, ಸಿಕ್ಕಿದ್ದು ಎಸೆಯುತ್ತಿದ್ದ.

ಕೆಂಚಿ ದಿನವೂ ಸಂಜೆ ಆ ಹುಲ್ಲಿನಲ್ಲಿ ಕೂತು, ಮರುದಿನ ಯಾರ ಸರದಿ ಎಂದು ನೋಡುತ್ತಿದ್ದಳು. ಒಂದು ಸಂಜೆ ನರಿ ಗುಂಡಿಯೊಳಗೆ ಅರ್ಧ ಮೈ ಇಳಿಸಿ, ತಳ ಕೆರೆದು, ಒಂದು ಎಲೆ ಎತ್ತಿ ಎಸೆದ. "ಇದೇ ಕೊನೆಯದು ಧಣಿ. ಇಷ್ಟರ ಮೇಲೆ ನನ್ನ ಹತ್ತಿರ ಏನೂ ಇಲ್ಲ."

ಚಿರತೆ ಎಲೆಯನ್ನು ಮೂಸಿದ. ಇನ್ನೊಮ್ಮೆ ಮೂಸಿದ.

"ಲೋ ಚೆಲುವ, ಇದು ಅಗಲ ಎಲೆ. ಮುತ್ತುಗದ್ದು. ಗುಡ್ಡದಾಚೆ ಒಂಟಿ ಮರ, ಅಲ್ಲವಾ?"

ಜೈಕಾರದ ನಡುವೆ ಎತ್ತಿ ತೋರಿಸಿ ಹಾಕಿದ ಆ ಮೊದಲ ಎಲೆ ನರಿಗೆ ಆಗ ನೆನಪಾಯಿತು.

"ಅಯ್ಯಯ್ಯೋ, ಅದು ಲೆಕ್ಕಕ್ಕಿಲ್ಲ ಧಣಿ! ಅದು ಸುಮ್ಮನೆ ಪದ್ಧತಿಗೆ ಹಾಕಿದ್ದು. ನಾವು ಸ್ನೇಹಿತರಲ್ಲವೇ?"

"ನನ್ನ ಗುಂಡಿಗೆ ಬಿದ್ದದ್ದೆಲ್ಲ ನಿಮ್ಮದು ಅಂದವನು ನೀನೇ. ನಾಳೆ ತನಕ ಕಾಯೋ ಹೊಟ್ಟೆ ನನ್ನದಲ್ಲ" ಎಂದ ಮಚ್ಚೆರಾಯ. ಒಂದೇ ನೆಗೆತ. ನರಿ ಗುಂಡಿಯಿಂದ ಹೊರಗೆ ಬರಲಿಲ್ಲ.

ಕೆಂಚಿ ನೋಡಿದಳು. ಸಂತೋಷವಾಗುತ್ತದೆ ಎಂದುಕೊಂಡಿದ್ದಳು. ಆಗಲಿಲ್ಲ. ಬಂಡೆಯ ಬಿರುಕಿಗೆ ಮರಳಿ ಚುಕ್ಕಿಯ ಸೀಳಿದ ಕಿವಿಯನ್ನು ನೆಕ್ಕುತ್ತಾ ಕೂತಳು. ಎಲೆಗಳಿಲ್ಲದ ಮಚ್ಚೆರಾಯ ಮತ್ತೆ ಮೊದಲಿನಂತೆ ಹಸಿದು, ಅಲೆದು, ಸಿಕ್ಕಿದ್ದನ್ನು ತಿನ್ನುವ ಬರಿಯ ಚಿರತೆಯಾದ. ಇನ್ನು ಅವನ ಹೆದರಿಕೆಗೆ ಯಾರೂ ಮತ ಹಾಕುವುದಿಲ್ಲವೆಂದು ಗೊತ್ತಾಗಿ ಮತ್ತೆ ಚುನಾವಣೆಗೆ ನಿಲ್ಲಲಿಲ್ಲ.

ಮಳೆ ಬಿದ್ದ ಮೇಲೆ ಆಲದ ಮರದ ಕೆಳಗೆ ಸಭೆ ಸೇರಿತು. ಹೊಸ ಮುಖಂಡ ಬೇಕಲ್ಲ. ಬೆಟ್ಟಯ್ಯಜ್ಜ ಕತ್ತು ಒಳಗೆಳೆದುಕೊಂಡೇ ಮಾತಾಡಿದ. "ತಪ್ಪು ನನ್ನದು. ಎಲೆ ಹಳ್ಳಕ್ಕೆ ಬಿಡಲೇಬೇಕು ಅಂತ ನಾನು ಹಟ ಹಿಡಿಯಬೇಕಿತ್ತು."

"ನಾನು ಪುಟ್ಟೀರಮ್ಮನಿಗೇ ಹಾಕಬೇಕು ಅಂತಿದ್ದೆ" ಎಂದಳು ಜಿಂಕೆ.

"ನಾನೂ ಅಷ್ಟೇ" ಎಂದಳು ಅಳಿಲು. "ನಾನೂ", "ನಾನೂ" ಎಂದು ಸಭೆಯ ತುಂಬ ಅದೇ ಮಾತು. ಅವಳು ಗೆಲ್ಲಲ್ಲ ಅಂತ ಎಲ್ಲರೂ ಹೇಳಿದರು ಎಂದು ಎಲ್ಲರೂ ಹೇಳಿದರು.

ಪುಟ್ಟೀರಮ್ಮ ಮುಳ್ಳು ಜಾಡಿಸಿದಳು. "ಸಾಕು ನಿಲ್ಲಿಸ್ರೋ. ಇದನ್ನು ಆವತ್ತು ಹೇಳಬೇಕಿತ್ತು."

ಆಗ ಕೆಂಚಿ ಮುಂದೆ ಬಂದಳು. ಜನದ ಮುಂದೆ ಅವಳು ಬಾಯಿ ಬಿಟ್ಟದ್ದು ಅದೇ ಮೊದಲು. "ಅಜ್ಜಾ, ಇನ್ನು ಮೇಲೆ ಮನೆಬಾಗಿಲಿನ ಎಲೆ ಬೇಡ. ಇದೇ ಆಲದ ಮರದಿಂದ ಉದುರಿದ ಎಲೆ, ಒಬ್ಬೊಬ್ಬರಿಗೆ ಒಂದೊಂದು, ನೀವೇ ಎಣಿಸಿ ಕೊಡಿ. ಎಲ್ಲರದೂ ಒಂದೇ ಥರ ಇರಲಿ. ಎಣಿಸಿದ ಮೇಲೆ ಹಳ್ಳಕ್ಕೆ ಹೋಗಲಿ." ಅಜ್ಜ ತಲೆಯಾಡಿಸಿದ. ಎಲ್ಲರೂ ಒಪ್ಪಿದರು. ಎರಡು ಮರಿಗಳ ಜೀವ ಕೊಟ್ಟು ಕಲಿತ ಬುದ್ಧಿ ಅದು. ಒಪ್ಪದೇ ಏನು ಮಾಡುತ್ತಾರೆ?

ಮತದಾನದ ದಿನ ಬಂತು. ನಿಂತವರು ಗುಡಾಣಪ್ಪ, ಪುಟ್ಟೀರಮ್ಮ, ಮತ್ತೆ ಚೆಲುವಯ್ಯನ ತಂಗಿಯ ಮಗ. ಎಳೆ ನರಿ. ಮಾವನದೇ ನಗು, ಮಾವನದೇ ನಯ. ಸಾಲಿನಲ್ಲಿ ನಿಂತ ಕೆಂಚಿಯನ್ನು ಕಂಡು ಓಡೋಡಿ ಬಂದ.

"ಕೆಂಚತ್ತೆ, ಆರೋಗ್ಯವೇನತ್ತೆ? ಗುಂಡ, ಬೆಳ್ಳನ ಸುದ್ದಿ ಕೇಳಿ ನನಗೆ ನಿದ್ದೆಯೇ ಇಲ್ಲ. ಅಂದಹಾಗೆ, ಈಗ ಮನೆ ಎಲ್ಲಾಯಿತು ಅತ್ತೆ?"

ಕೆಂಚಿ ಅವನ ಕಣ್ಣನ್ನೇ ನೋಡಿದಳು. "ಈ ಕಾಡಿನಲ್ಲೇ" ಎಂದಳು. ಈ ಸಲ ಯಾರಿಗೂ ದಾರಿ ಬಿಡಲಿಲ್ಲ. ತನ್ನ ಸರದಿ ಬಂದಾಗ ನೆಟ್ಟಗೆ ಹೋಗಿ ಆಲದ ಎಲೆಯನ್ನು ಪುಟ್ಟೀರಮ್ಮನ ಗುಂಡಿಗೆ ಹಾಕಿದಳು.

ಪುಟ್ಟ ಮಕ್ಕಳು ಕೇಳುತ್ತೀರಿ, ಪುಟ್ಟೀರಮ್ಮ ಗೆದ್ದಳಾ ಎಂದು. ಗೆದ್ದಳು ಅನ್ನಲು ನನಗೂ ಆಸೆ. ಆದರೆ ಗೆಲ್ಲಲಿಲ್ಲ. ಎಳೆ ನರಿ ಗೆದ್ದುಬಿಟ್ಟಾನು ಎಂದು ಹೆದರಿ ಬಹಳ ಜನ ಕರಡಿಗೆ ಹಾಕಿದ್ದರು. ಸಭೆಯಲ್ಲಿ ನಾನೂ, ನಾನೂ ಎಂದವರೇ ಹಾಗೆ ಮಾಡಿದ್ದರು. ಗುಡಾಣಪ್ಪ ಗೆದ್ದು, ಒಂದು ದೊಡ್ಡ ಆಕಳಿಕೆ ತೆಗೆದು, "ನೋಡೋಣ, ವಿಚಾರಿಸೋಣ" ಎಂದ. ಪುಟ್ಟೀರಮ್ಮನಿಗೆ ಹೋದ ಸಲ ಒಂಬತ್ತು ಇದ್ದದ್ದು ಈಗ ನಲವತ್ತೊಂದಾಗಿತ್ತು. ಎಲೆಗಳೆಲ್ಲ ಹಳ್ಳದಲ್ಲಿ ತೇಲಿಹೋದವು. ಯಾವುದು ಯಾರದೆಂದು ಯಾರಿಗೂ ತಿಳಿಯಲಿಲ್ಲ.

ಕೆಂಚಿ ಮನೆಗೆ ಬಂದಳು. ಅದು ಬೇಲದ ಮರವಲ್ಲ, ಬೇರೊಂದು ಪೊದೆ. ಎಲ್ಲಿ ಎಂದು ನಾನೂ ಹೇಳುವುದಿಲ್ಲ. ಚುಕ್ಕಿ ಒಬ್ಬಳೇ ಕಾಯುತ್ತಾ ಕೂತಿದ್ದಳು.

"ಅಮ್ಮಾ, ನೀನು ಹಾಕಿದವರು ಸೋತರಂತೆ. ನಿನ್ನ ಎಲೆ ವ್ಯರ್ಥವಾಯ್ತಾ?"

ಕೆಂಚಿ ಮಗಳ ಪಕ್ಕದಲ್ಲಿ ಕೂತಳು. ಇನ್ನಿಬ್ಬರು ಮಲಗುತ್ತಿದ್ದಷ್ಟು ಜಾಗ ಅಲ್ಲಿ ಖಾಲಿ ಇತ್ತು.

"ಇಲ್ಲ ಮಗಳೇ. ಹೋದ ಸಲ ನಾನು ಹಾಕಿದವನು ಗೆದ್ದ. ವ್ಯರ್ಥವಾದದ್ದು ಆ ಎಲೆ" ಎಂದಳು.

ನೀತಿ: ಒಬ್ಬರಿಗೆ ಹೆದರಿ ಇನ್ನೊಬ್ಬರನ್ನು ಆರಿಸಿದರೆ ಗೆಲ್ಲುವುದು ಹೆದರಿಕೆಯೇ. ಮನಸ್ಸು ಒಪ್ಪಿದವರಿಗೆ ಕೊಟ್ಟ ಮತ, ಅವರು ಸೋತರೂ ವ್ಯರ್ಥವಲ್ಲ.